ಅಮ್ಮ ಬಾಯಿ ಬಿಡೋದು ಯಾವಾಗ? ಒಂದು ಸಣ್ಣ ಕಾದಂಬರಿ, ಮುಗಿಯದ ತಕರಾರು

ಆಸ್ಟ್ರೇಲಿಯಾದ ಲೇಖಕಿ ಜೆಸಿಕಾ ಔ ಅವರ 'ಕೋಲ್ಡ್ ಇನಫ್ ಫಾರ್ ಸ್ನೋ' ತಾಯಿ–ಮಗಳ ಪ್ರವಾಸದ ಇಂಗ್ಲಿಷ್ ಕಾದಂಬರಿ, ನೂರು ಪುಟದ ಆಸುಪಾಸಿನ ಪುಸ್ತಕ. 2022ರ ಫೆಬ್ರವರಿಯಲ್ಲಿ ಬಂತು. ಒಂದಷ್ಟು ಜನ ಇದನ್ನು ಎರಡೆರಡು ಸಲ ಓದಿದರು. ಇನ್ನೊಂದಷ್ಟು ಜನ 'ಏನೂ ನಡೆಯೋದೇ ಇಲ್ವಲ್ಲ' ಅಂತ ರೇಗಿದರು. ಇವರಿಬ್ಬರ ನಡುವೆ ಇನ್ನೊಂದು ಗುಂಪು ಎದ್ದಿತು: ಕಾದಂಬರಿಯ ಅಮ್ಮ ನಿಜಕ್ಕೂ ಬದುಕಿದ್ದಾಳಾ ಅನ್ನೋದೇ ಅವರ ಪ್ರಶ್ನೆ. ಈಗ ಮೂರೂ ವಾದ ಕಲಸಿಹೋಗಿವೆ. ಯಾರಿಗೆ ಯಾವುದಕ್ಕೆ ಬೇಜಾರು ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ತಾಯಿ–ಮಗಳ ಕಾದಂಬರಿ ಅಂದ ಕೂಡಲೇ ಇಂಗ್ಲಿಷ್ ಓದುಗರಲ್ಲಿ ಒಂದು ನಿರೀಕ್ಷೆ ಹುಟ್ಟುತ್ತದೆ. ಅದನ್ನು ಗಟ್ಟಿ ಮಾಡಿದ್ದರಲ್ಲಿ 1989ರ 'ದಿ ಜಾಯ್ ಲಕ್ ಕ್ಲಬ್' ಪಾತ್ರ ದೊಡ್ಡದು. ಏಮಿ ಟ್ಯಾನ್ ಅವರ ಆ ಪುಸ್ತಕದಲ್ಲಿ ಚೀನಾದಿಂದ ಅಮೆರಿಕಕ್ಕೆ ಬಂದ ತಾಯಂದಿರಿಗೆ ಒಂದೊಂದು ಬಚ್ಚಿಟ್ಟ ಕಥೆ ಇದೆ. ಕಥೆ ಹೊರಬಂದಂತೆ ಮಗಳಿಗೆ ಅಮ್ಮ ಅರ್ಥವಾಗುತ್ತಾ ಹೋಗುತ್ತಾಳೆ. 2008ರಲ್ಲಿ ಕೊರಿಯಾದಲ್ಲಿ ಶಿನ್ ಕ್ಯುಂಗ್-ಸೂಕ್ ಬರೆದ ಕಾದಂಬರಿಯಲ್ಲಿ (ಇಂಗ್ಲಿಷಿನಲ್ಲಿ 'ಪ್ಲೀಸ್ ಲುಕ್ ಆಫ್ಟರ್ ಮಾಮ್') ಅಮ್ಮ ಸೋಲ್‌ನ ಸಬ್‌ವೇ ನಿಲ್ದಾಣದ ಜನಜಂಗುಳಿಯಲ್ಲಿ ಕಳೆದುಹೋಗುತ್ತಾಳೆ. ಮಕ್ಕಳಿಗೆ ಆಗ ಅವಳ ಬೆಲೆ ತಿಳಿಯುತ್ತದೆ, ಓದುವವರ ಕಣ್ಣು ಒದ್ದೆಯಾಗುತ್ತದೆ. ಕೊರಿಯಾದಲ್ಲೇ ಹತ್ತು ಲಕ್ಷಕ್ಕೂ ಜಾಸ್ತಿ ಪ್ರತಿ ಮಾರಾಟವಾಯಿತು. 2016ರಲ್ಲಿ ಅಮೆರಿಕದ ಎಲಿಜಬೆತ್ ಸ್ಟ್ರೌಟ್ 'ಮೈ ನೇಮ್ ಈಸ್ ಲೂಸಿ ಬಾರ್ಟನ್' ಕಾದಂಬರಿಯಲ್ಲಿ ಈ ದಾರಿ ಬಿಟ್ಟು ನಡೆದರು. ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ಮಲಗಿದ ಮಗಳ ಪಕ್ಕ ಅಮ್ಮ ಐದು ದಿನ ಕೂತು ಊರವರ ಸುದ್ದಿ ಹೇಳುತ್ತಾಳೆ. ಮಗಳಿಗೆ ಬೇಕಾದ ಮಾತೊಂದನ್ನು ಬಿಟ್ಟು ಬೇರೆಲ್ಲ ಮಾತಾಡುತ್ತಾಳೆ. ಆಗಲೂ ಗೊಣಗಾಟ ಇತ್ತು, ಆದರೆ ಅಲ್ಲಿ ಬಡತನ ಇತ್ತು, ಕಷ್ಟದ ಬಾಲ್ಯ ಇತ್ತು, ಹಿಡಿದುಕೊಳ್ಳೋಕೆ ಏನೋ ಸಿಗುತ್ತಿತ್ತು.

ಜೆಸಿಕಾ ಔ ಅದನ್ನೂ ತೆಗೆದುಬಿಟ್ಟರು. ಮಗಳು ಅಮ್ಮನನ್ನು ಜಪಾನ್ ಪ್ರವಾಸಕ್ಕೆ ಕರೆಯುತ್ತಾಳೆ. ಇಬ್ಬರೂ ಬೇರೆ ಬೇರೆ ಊರಲ್ಲಿರುವವರು, ಟೋಕಿಯೋದಲ್ಲಿ ಸೇರುತ್ತಾರೆ. ಅಕ್ಟೋಬರ್ ತಿಂಗಳು, ಜಿಟಿಜಿಟಿ ಮಳೆ. ಮ್ಯೂಸಿಯಂ, ಗ್ಯಾಲರಿ, ಊಟ, ರೈಲು, ಮತ್ತೆ ಮಳೆ. ಅಮ್ಮ ಹಾಂಗ್‌ಕಾಂಗ್‌ನಲ್ಲಿ ಬೆಳೆದವಳು. ಮಗಳು ಎಲ್ಲವನ್ನೂ ವಿವರಿಸುತ್ತಾಳೆ, ಅಮ್ಮ ಹೂಂ ಅನ್ನುತ್ತಾಳೆ. ಮಾತಿಗೆ ಉದ್ಧರಣ ಚಿಹ್ನೆಯೂ ಇಲ್ಲ. ಯಾರು ಹೇಳಿದ್ದು, ಯಾರು ನೆನೆಸಿಕೊಂಡಿದ್ದು ಅಂತ ಉದ್ದದ ಪ್ಯಾರಾಗಳಲ್ಲಿ ಹುಡುಕಬೇಕು.

ಇಂಥ ಪುಸ್ತಕ ಅಷ್ಟೊಂದು ಕೈಗಳಿಗೆ ಹೇಗೆ ಹೋಯಿತು ಅನ್ನೋದರಲ್ಲೇ ಜಗಳದ ಮೂಲ ಇದೆ ಅಂತ ನನಗನ್ನಿಸುತ್ತದೆ. 2020ರಲ್ಲಿ ಮೂರು ಪ್ರಕಾಶನಗಳು, ಸಿಡ್ನಿಯ ಜಿರಾಮೊಂಡೊ, ಲಂಡನ್ನಿನ ಫಿಟ್ಜ್‌ಕರಾಲ್ಡೊ, ನ್ಯೂಯಾರ್ಕಿನ ನ್ಯೂ ಡೈರೆಕ್ಷನ್ಸ್, ಸೇರಿಕೊಂಡು 'ನಾವೆಲ್ ಪ್ರೈಜ್' ಶುರು ಮಾಡಿದವು. ಕಾದಂಬರಿ ಅನ್ನೋ ಪ್ರಕಾರವನ್ನೇ ಹಿಗ್ಗಿಸುವ ಹಸ್ತಪ್ರತಿಗಳು ಅವರಿಗೆ ಬೇಕಿದ್ದವು. 1,500ಕ್ಕೂ ಜಾಸ್ತಿ ಹಸ್ತಪ್ರತಿಗಳು ಬಂದವು, ಮೊದಲ ಬಹುಮಾನ ಇದಕ್ಕೆ ಸಿಕ್ಕಿತು. ಮೂರು ಖಂಡಗಳಲ್ಲಿ ಹೆಚ್ಚುಕಡಿಮೆ ಒಟ್ಟಿಗೇ ಅಚ್ಚಾಯಿತು. ಆಗ ಓದಿದವರಲ್ಲಿ ಇಂಥದ್ದನ್ನೇ ಹುಡುಕುವವರು ಜಾಸ್ತಿ, ಹಾಗಾಗಿ ಮೆಚ್ಚುಗೆಯೂ ಜಾಸ್ತಿ. 2023ರಲ್ಲಿ ಚಿತ್ರ ಬದಲಾಯಿತು. ಆಸ್ಟ್ರೇಲಿಯಾದಲ್ಲಿ ಒಂದು ಲಕ್ಷ ಡಾಲರಿನ ವಿಕ್ಟೋರಿಯನ್ ಪ್ರೈಜ್ ಬಂತು, ಪ್ರಧಾನ ಮಂತ್ರಿಯ ಸಾಹಿತ್ಯ ಪ್ರಶಸ್ತಿಯೂ ಬಂತು. ಪ್ರಶಸ್ತಿ ಬಂದ ಪುಸ್ತಕ ಅಂತ ಎಲ್ಲ ಥರದ ಓದುಗರೂ ಕೈಗೆತ್ತಿಕೊಂಡರು. 'ತಾಯಿ–ಮಗಳ ಪ್ರವಾಸದ ಕಥೆ' ಅಂದರೆ ನಾನಾದರೂ ಒಂದು ದೊಡ್ಡ ಜಗಳ, ಆಮೇಲೆ ಒಂದು ಅಳು ಇರುತ್ತೆ ಅಂದುಕೊಳ್ಳುತ್ತೇನೆ. ಅವರೂ ಅದನ್ನೇ ಕಾದರು. ಕಾದವರನ್ನು ತಪ್ಪು ಅನ್ನೋಕಾಗಲ್ಲ.

ಅವರ ದೂರಿನಲ್ಲಿ ನನಗೆ ತೂಕದ್ದು ಅನ್ನಿಸೋದು ಒಂದೇ: ಅಮ್ಮನನ್ನು ನಾವು ಮಗಳ ಕಣ್ಣಿಂದ ಮಾತ್ರ ನೋಡುತ್ತೇವೆ, ಅವಳ ಮನಸ್ಸಿನೊಳಗೆ ಪ್ರವೇಶವೇ ಇಲ್ಲ. ನಿಜ. ಎಲ್ಲಿಗೆ ಹೋಗಬೇಕು, ಏನು ನೋಡಬೇಕು ಅನ್ನೋದೆಲ್ಲ ಮಗಳದ್ದೇ ತೀರ್ಮಾನ. ಆದರೆ ಪುಸ್ತಕಕ್ಕೆ ಇದು ಗೊತ್ತಿಲ್ಲ ಅಂತಲ್ಲ. ಕೊನೆಯ ಹೊತ್ತಿಗೆ ಅಮ್ಮನಿಗೆ ಬಗ್ಗಿ ಶೂ ಹಾಕಿಕೊಳ್ಳೋಕೆ ಆಗುವುದಿಲ್ಲ, ಸ್ವಲ್ಪ ಸಹಾಯ ಮಾಡ್ತೀಯಾ ಅಂತಾಳೆ, ಮಗಳು ಮೊಣಕಾಲೂರಿ ಎಳೆದು ಹಾಕುತ್ತಾಳೆ. ಅಷ್ಟು ದಿನ ಜೊತೆಗೆ ತಿರುಗಿದರೂ ಅಮ್ಮನ ಬೆನ್ನು, ಮಂಡಿ ಅವಳ ಲೆಕ್ಕಕ್ಕೇ ಬಂದಿರಲಿಲ್ಲ ಅಂತ ಓದುವವರಿಗೆ ಹೊಳೆಯೋದು ಅಲ್ಲಿ. ಲೇಖಕಿ ಅದನ್ನು ಒತ್ತಿ ಹೇಳೋದಿಲ್ಲ. ವೇಗವಾಗಿ ಓದಿದರೆ ತಪ್ಪಿಹೋಗುತ್ತದೆ.

ಅಮ್ಮ ಬದುಕಿದ್ದಾಳಾ ಅನ್ನೋ ವಾದ ಹುಟ್ಟಿದ್ದು ಪ್ರವಾಸದ ಕೊನೆಯ ಭಾಗದಲ್ಲಿ. ಮಗಳು ಒಬ್ಬಳೇ ಚಾರಣಕ್ಕೆ ಹೋಗಿ ಬರುತ್ತಾಳೆ. ವಸತಿಗೃಹದವರು ಬುಕಿಂಗ್ ಒಬ್ಬರಿಗೆ ಮಾತ್ರ ಇದೆ ಅನ್ನುತ್ತಾರೆ. ಅಷ್ಟಕ್ಕೇ ಕೆಲವರು ಇಡೀ ಪುಸ್ತಕವನ್ನು ಮತ್ತೆ ಮೊದಲಿಂದ ಓದಿ, ಅಮ್ಮ ಇಲ್ಲ ಅನ್ನೋದಕ್ಕೆ ಸಾಕ್ಷಿ ಹುಡುಕಿದರು. ನಾನು ಆ ಕಡೆಗಿಲ್ಲ. ಅಮ್ಮ ಸತ್ತಿದ್ದಾಳೆ ಅಂದುಕೊಂಡರೆ ಎಲ್ಲ ಸಲೀಸಾಗಿ ಕೂಡಿಕೊಳ್ಳುತ್ತದೆ, ಬದುಕಿರುವ ಅಮ್ಮನೇ ಹೀಗೆ ಕೈಗೆ ಸಿಗದೆ ಹೋಗುವುದು ಇದಕ್ಕಿಂತ ಕಷ್ಟದ ವಿಷಯ ಅಲ್ವಾ.

ಇನ್ನು, ಅಮ್ಮ ಏನೂ ಹೇಳುವುದಿಲ್ಲ ಅನ್ನೋ ಮಾತು. ಅದು ಪೂರ್ತಿ ಸರಿಯಲ್ಲ. ಆತ್ಮದ ಬಗ್ಗೆ ಮಗಳು ಕೇಳಿದಾಗ ಅಮ್ಮ ಯೋಚಿಸಿ ಉತ್ತರ ಕೊಡುತ್ತಾಳೆ. ನಾವೆಲ್ಲ ಮೂಲದಲ್ಲಿ ಏನೂ ಅಲ್ಲ, ಬಂದುಹೋಗುವ ಅನಿಸಿಕೆಗಳು ಮತ್ತು ಆಸೆಗಳು ಅಷ್ಟೇ, ತಾನು ಬೆಳೆಯುವಾಗ ತನ್ನನ್ನು ಬೇರೆಯವರಿಂದ ಬಿಡಿಸಿ ಯೋಚಿಸಿಯೇ ಇರಲಿಲ್ಲ ಅನ್ನುತ್ತಾಳೆ. ಮೂವತ್ತು ವರ್ಷದ ಕಾದಂಬರಿಗಳು ನಮಗೆ ಕಾಯಲು ಕಲಿಸಿದ ಗುಟ್ಟು ಇದಲ್ಲ. ಯುದ್ಧ ಇಲ್ಲ, ಬಿಟ್ಟುಬಂದ ಮಗು ಇಲ್ಲ, ಹಳೆಯ ಪ್ರೇಮ ಇಲ್ಲ. ಅದಕ್ಕೇ ಎಷ್ಟೋ ಓದುಗರು ಈ ಉತ್ತರವನ್ನು ದಾಟಿ ಮುಂದೆ ಹೋಗಿ, ಅಮ್ಮ ಬಾಯಿ ಬಿಡೋದು ಯಾವಾಗ ಅಂತ ಕಾಯುತ್ತಾರೆ.