ಆರ್ಡರ್ ಬಂದ ಮೇಲಿನ ಬೆಳಗು

ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಬೆಳಗಾಗುವ ಮೊದಲೇ ಹುಡುಗರು ಓಡುತ್ತಿರುತ್ತಾರೆ. ಸುಮಾರು ಜನರದು ಒಂದೇ ಲೆಕ್ಕ: 1,600 ಮೀಟರ್, ಆರೂವರೆ ನಿಮಿಷ. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕಾದರೆ ಗಂಡು ಹುಡುಗರು ಅಷ್ಟರೊಳಗೆ ಓಡಿ ಮುಗಿಸಬೇಕು. ನಮ್ಮ ಅಕ್ಕನ ಮಗ ಎರಡು ವರ್ಷ ಹೀಗೆ ಓಡಿದ. ತನ್ನ ಟೈಮಿಂಗನ್ನು ಕೋಣೆಯ ಗೋಡೆ ಮೇಲೆ ಪೆನ್ಸಿಲ್‌ನಲ್ಲಿ ಬರೆದಿಡುತ್ತಿದ್ದ. ಮೊದಲ ಸಾಲು 7:50. ಕೊನೆಯದು 6:18.

ಕೆಲಸ ಸಿಕ್ಕಿತು. ಓಣಿಗೆಲ್ಲ ಮಾಲ್ಪುರಿ ಹಂಚಿದೆವು. ಹದಿನೈದು ದಿನವೂ ಆಗಿರಲಿಲ್ಲ, ನನ್ನ ಹತ್ತಿರ ಬಂದು ಸುಮ್ನೆ ಕೂತ.

"ಮಾಮಾ, ಮುಂಜಾನಿ ಐದಕ್ಕ ಎಚ್ಚರ ಆಗ್ತದ. ಎದ್ದು ಏನ್ ಮಾಡ್ಬೇಕು ತಿಳಿವಲ್ದು. ಖುಷಿನೇ ಆಗವಲ್ದು."

ಮನೆಯಲ್ಲಿ ಹೇಳಿದರೆ ಸೊಕ್ಕು ಅಂದುಕೊಳ್ಳುತ್ತಾರೆ ಎಂಬ ಹೆದರಿಕೆ ಅವನಿಗೆ. ಸೊಕ್ಕಲ್ಲ ಅದು. ನಮ್ಮ ಮಿದುಳು ನಡೆಯುವ ರೀತಿಯೇ ಹಾಗೆ.

ಡೋಪಮೈನ್ ಅಂದರೆ ಖುಷಿ ಕೊಡುವ ರಸ ಎಂದು ಎಷ್ಟೋ ಕಡೆ ಓದಿರುತ್ತೀರಿ. ಸಂಗತಿ ಅಷ್ಟು ಸರಳವಲ್ಲ. ವುಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳ ಮಿದುಳಿನ ಡೋಪಮೈನ್ ಕೋಶಗಳನ್ನು ವರ್ಷಗಟ್ಟಲೆ ಗಮನಿಸಿದರು. ಕೋತಿಗೆ ಹಣ್ಣಿನ ರಸ ಅಚಾನಕ್ಕಾಗಿ ಸಿಕ್ಕಾಗ ಆ ಕೋಶಗಳು ಜೋರಾಗಿ ಮಿಡಿದವು. ರಸಕ್ಕೆ ಮೊದಲು ಒಂದು ದೀಪ ಹತ್ತುತ್ತದೆ ಎಂದು ಕೋತಿ ಕಲಿತ ಮೇಲೆ ದೀಪ ಕಂಡಾಗಲೇ ಮಿಡಿತ. ರಸ ಬಾಯಿಗೆ ಬಿದ್ದಾಗ ಹೆಚ್ಚಿನ ಮಿಡಿತವೇ ಇಲ್ಲ! ಅಂದರೆ ಈ ಕೋಶಗಳು ಲೆಕ್ಕ ಹಾಕುವುದು ಅಂದುಕೊಂಡಿದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ಅಂತರವನ್ನು. ಈಗ ಆ ಗೋಡೆಯನ್ನು ನೆನೆಯಿರಿ. ಪ್ರತಿ ಸಲ ಒಂದಿಷ್ಟು ಸೆಕೆಂಡ್ ಕಡಿಮೆಯಾದಾಗ ಅವನಿಗೊಂದು ಸಣ್ಣ ಹಬ್ಬ. ಆರ್ಡರ್ ಬರುವ ಹೊತ್ತಿಗೆ ಅದು ಬಂದೇ ಬರುತ್ತದೆ ಎಂದು ಅವನಿಗೆ ಗೊತ್ತಿತ್ತು. ಬಂತು. ಜೊತೆಗೆ ದಿನದಿನದ ಆ ಸಣ್ಣ ಹಬ್ಬಗಳೂ ನಿಂತವು.

ಚಂದ್ರನ ಮೇಲೆ ನಡೆದವರಿಗೂ ಇದು ತಪ್ಪಲಿಲ್ಲ. 1969ರಲ್ಲಿ ಅಲ್ಲಿ ಕಾಲಿಟ್ಟ ಬಜ್ ಆಲ್ಡ್ರಿನ್ ಭೂಮಿಗೆ ಮರಳಿದ ಮೇಲೆ ಖಿನ್ನತೆ, ಕುಡಿತಗಳಿಗೆ ಸಿಕ್ಕಿ ಒದ್ದಾಡಿದರು. ಅದನ್ನು ಬಚ್ಚಿಡದೆ ಹೇಳಿಕೊಂಡರು.

ಇಷ್ಟರಲ್ಲಿ ಬೀಗರು ನೆಂಟರು ಶುರು ಮಾಡಿದ್ದರು: "ಇನ್ನ ಪಿಎಸ್‌ಐ ಪರೀಕ್ಷಾ ಬರಿಯಪ್ಪ." ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಹೊತ್ತು ಸರಿಯಿಲ್ಲ ಅನಿಸುತ್ತದೆ ನನಗೆ. ಪಾರಿವಾಳಗಳ ಮೇಲೆ ನಡೆದ ಹಳೆಯ ಪ್ರಯೋಗಗಳಿವೆ. ಇಷ್ಟು ಸಲ ಕುಕ್ಕಿದರೆ ಒಮ್ಮೆ ಕಾಳು ಎಂದು ಕಲಿಸಿದರೆ, ಕಾಳು ಸಿಕ್ಕ ಕೂಡಲೇ ಹಕ್ಕಿ ಮತ್ತೆ ಕುಕ್ಕುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಕುಕ್ಕುವ ಲೆಕ್ಕ ಜಾಸ್ತಿಯಾದಷ್ಟೂ ಸುಮ್ಮನಿರುವ ಹೊತ್ತೂ ಜಾಸ್ತಿ. ಮನುಷ್ಯ ಪಾರಿವಾಳವಲ್ಲ, ನಿಜ. ಆದರೂ ಎರಡು ವರ್ಷ ಓಡಿದ ಹುಡುಗನಿಗೆ ಒಂದು ತಿಂಗಳಾದರೂ ಬಿಡುವು ಬೇಡವೇ? ನಿದ್ದೆ, ಊಟ ಎರಡೂ ಕೆಟ್ಟು ಎರಡು ವಾರ ದಾಟಿದರೆ ಮಾತ್ರ ಅದು ಬೇರೆ ಸಂಗತಿ. ಆಗ ಡಾಕ್ಟರಿಗೆ ತೋರಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416ಕ್ಕೆ ಪುಕ್ಕಟೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಬಿಡುವಾದ ಮೇಲೆ ಏನು? ಇದಕ್ಕೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸೂ-ಚಿ ಹುವಾಂಗ್ ಮತ್ತು ಜೆನಿಫರ್ ಆಕರ್ 2019ರಲ್ಲಿ ಪ್ರಕಟಿಸಿದ ಸಂಶೋಧನೆ ನನಗೆ ತುಂಬಾ ಹಿಡಿಸಿತು. ಗುರಿ ಮುಟ್ಟಿದವರಲ್ಲಿ ಕೆಲವರು ಅದನ್ನು 'ಊರು ಬಂತು' ಎಂಬಂತೆ ನೋಡಿದರು. ಕೆಲವರು ತಾವು ನಡೆದು ಬಂದ ದಾರಿಯಾಗಿ ನೋಡಿದರು. ಅಲ್ಲಿಯವರೆಗೆ ಮಾಡಿಕೊಂಡು ಬಂದ ಒಳ್ಳೆಯ ರೂಢಿಯನ್ನು ಮುಂದುವರಿಸಿದ್ದು ಎರಡನೆಯವರೇ ಜಾಸ್ತಿ. ದಾರಿಯನ್ನು ನೆನೆದಾಗ ತಾನು ಎಷ್ಟು ಬೆಳೆದೆ ಎಂಬುದು ಕಣ್ಣಿಗೆ ಬೀಳುತ್ತದೆ.

ಅದಕ್ಕೇ ಅವನನ್ನು ಆ ಗೋಡೆಯ ಮುಂದೆ ಕೂರಿಸಿ, ಒಂದೊಂದು ಸಾಲಿನ ಕಥೆ ಹೇಳು ಅಂದೆ. 7:31ರಲ್ಲಿ ಶೂ ಹರಿದಿತ್ತಂತೆ. 6:44 ಬಂದ ದಿನ ಅವ್ವನಿಗೂ ಹೇಳದೆ ಒಬ್ಬನೇ ಚಹಾ ಕುಡಿದು ಬಂದನಂತೆ. ಹೇಳ್ತಾ ಹೇಳ್ತಾ ನಕ್ಕ. ಮರುದಿನ ಐದಕ್ಕೆ ಎದ್ದು ಮತ್ತೆ ಕ್ರೀಡಾಂಗಣಕ್ಕೆ ಹೋದ. ಈ ಸಲ ಗಡಿಯಾರ ನೋಡಿಕೊಳ್ಳದೆ ಓಡಿದ, ಆಮೇಲೆ ಹೊಸ ಹುಡುಗರ ಟೈಮಿಂಗ್ ಹಿಡಿಯಲು ನಿಂತ.

ಮೊನ್ನೆ ಭಾನುವಾರ ನಾನೂ ಹೋಗಿದ್ದೆ. ಎದುರು ಮನೆಯ ಹುಡುಗ ಓಡಿ ಬಂದವನೇ ಮೊಣಕಾಲಿಗೆ ಕೈ ಕೊಟ್ಟು ಏದುಸಿರು ಬಿಡುತ್ತ ನಿಂತ.

"ಏಳು ಹನ್ನೆರಡು," ಅಂದ ನಮ್ಮವನು. "ನಂದೂ ಮೂರನೇ ಸಾಲಿನಾಗ ಇಷ್ಟೇ ಇತ್ತು."