ಬಾಡಿದ ಗಿಡಕ್ಕೆಲ್ಲ ಬಾಯಾರಿಕೆ ಆಗಿರಲ್ಲ

ಕಳೆದ ಬೇಸಿಗೆಯಲ್ಲಿ ಲಾಲ್‌ಬಾಗ್‌ನ ಕೈತೋಟ ತರಗತಿಗೆ ಹಿರಿಯರೊಬ್ಬರು ಆಟೋದಲ್ಲಿ ಕರಿಬೇವಿನ ಕುಂಡ ತಂದಿದ್ದರು. ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡಿದ್ದರಂತೆ, ಪ್ಯಾಂಟೆಲ್ಲ ಕೆಸರು. ಹೆಂಡತಿ ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿದ್ದಾರೆ. ಆರು ತಿಂಗಳು ಗಿಡಗಳ ಜವಾಬ್ದಾರಿ ಇವರದು.

"ಮೇಡಂ, ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು. ಒಂದು ದಿನವೂ ತಪ್ಪಿಸಿಲ್ಲ. ಆದರೂ ಬಾಡ್ತಾ ಇದೆ. ಇನ್ನೊಂದು ಚೊಂಬು ಜಾಸ್ತಿ ಮಾಡ್ಲಾ?"

ಕುಂಡವನ್ನು ಹಳೆ ಪೇಪರ್ ಮೇಲೆ ಬೋರಲು ಹಾಕಿ ತಟ್ಟಿದೆ. ಮಣ್ಣು ಇಡ್ಲಿ ಹಿಟ್ಟಿನ ಹಾಗೆ ಜಾರಿ ಬಂತು. ಚರಂಡಿ ವಾಸನೆ. ಒಂದು ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆದೆ. ಕಂದು ಸಿಪ್ಪೆ ನನ್ನ ಕೈಯಲ್ಲೇ ಉಳಿಯಿತು, ಒಳಗಿನ ನಾರು ಮಾತ್ರ ದಾರದ ಹಾಗೆ ನೇತಾಡುತ್ತಿತ್ತು. ಅವರು ಏನೂ ಮಾತಾಡಲಿಲ್ಲ. ನನಗೂ ಹೊಟ್ಟೆ ಚುರುಕ್ ಅಂತು. ಅಷ್ಟು ಶ್ರದ್ಧೆಯಿಂದ ನೋಡಿಕೊಂಡ ಗಿಡ ಆ ಶ್ರದ್ಧೆಯಿಂದಲೇ ಸಾಯುತ್ತಿದೆ ಅಂತ ಯಾವ ಬಾಯಲ್ಲಿ ಹೇಳಲಿ?

ಪ್ರತಿ ತರಗತಿಯಲ್ಲೂ ಮೊದಲು ಬರುವ ಪ್ರಶ್ನೆ ಒಂದೇ: ದಿನಕ್ಕೆ ಎಷ್ಟು ಸಲ ನೀರು ಹಾಕಬೇಕು? ಗೊಬ್ಬರ, ಬೀಜ, ಬೇವಿನೆಣ್ಣೆ ಎಲ್ಲ ಒಂದು ಸಲ ಹೇಳಿದರೆ ಜನ ಹಿಡಿದುಕೊಳ್ಳುತ್ತಾರೆ. ಇದೊಂದನ್ನು ಮಾತ್ರ ಎಷ್ಟು ವರ್ಷದಿಂದ ಹೇಳಿದರೂ ಕೇಳುವುದಿಲ್ಲ. ಹಾಗಾಗಿ ಇವತ್ತು ಇದೊಂದನ್ನೇ ಬರೆಯುತ್ತೇನೆ.

ಬೇರು ನೀರು ಕುಡಿಯುತ್ತದೆ ಅಂತ ಎಲ್ಲರಿಗೂ ಗೊತ್ತು. ಅದು ಉಸಿರಾಡುತ್ತದೆ ಅನ್ನುವುದು ಮರೆತುಹೋಗುತ್ತದೆ. ಮಣ್ಣಿನ ಕಣಗಳ ನಡುವೆ ಸಂದುಗಳಿರುತ್ತವೆ. ನೀರು ಹಾಕಿದಾಗ ಅವು ತುಂಬುತ್ತವೆ, ನೀರು ಇಳಿದಾಗ ಗಾಳಿ ಒಳಗೆ ಬರುತ್ತದೆ. ಆ ಗಾಳಿ ಬರುವ ಮೊದಲೇ ಇನ್ನೊಂದು ಚೊಂಬು ಸುರಿದರೆ ಬೇರಿಗೆ ಉಸಿರು ಕಟ್ಟುತ್ತದೆ. ಉಸಿರಿಲ್ಲದ ಬೇರು ನೀರನ್ನೂ ಎಳೆಯಲಾರದು. ಹಾಗಾಗಿ ಕುಂಡದ ತುಂಬ ನೀರಿದ್ದರೂ ಎಲೆ ಬಾಡುತ್ತದೆ. ನೋಡಿದವರು ಪಾಪ, ಬಾಯಾರಿದೆ ಅಂತ ಮತ್ತೆ ಸುರಿಯುತ್ತಾರೆ. ಬೇರು ಇನ್ನಷ್ಟು ಕೊಳೆಯುತ್ತದೆ, ಎಲೆ ಇನ್ನಷ್ಟು ಬಾಡುತ್ತದೆ. ದಯವಿಟ್ಟು ಇದನ್ನು ಎರಡು ಸಲ ಓದಿ. ನಾನು ನೋಡುವ ಸತ್ತ ಗಿಡಗಳಲ್ಲಿ ಹೆಚ್ಚಿನವು ಹೀಗೇ ಸತ್ತವು.

ಇನ್ನೊಂದು ವಿಷಯ. ಏಪ್ರಿಲ್ ಮಧ್ಯಾಹ್ನ ಕುಂಬಳ, ಸೋರೆ ಎಲೆಗಳು ಒದ್ದೆ ಬಟ್ಟೆಯ ಹಾಗೆ ಜೋತು ಬೀಳುತ್ತವೆ. ಮಣ್ಣಲ್ಲಿ ನೀರಿಲ್ಲ ಅಂತ ಅರ್ಥ ಅಲ್ಲ. ಎಲೆಯಿಂದ ಆರಿಹೋಗುವಷ್ಟು ಬೇಗ ಬೇರು ಪೂರೈಸಲಾರದು, ಅಷ್ಟೇ. ಸಂಜೆಗೆ ತಾನಾಗಿ ಎದ್ದು ನಿಲ್ಲುತ್ತದೆ. ಬೆಳಿಗ್ಗೆ ಏಳು ಗಂಟೆಗೂ ಬಾಡಿಯೇ ಇದ್ದರೆ ಆಗ ಯೋಚನೆ ಮಾಡಿ.

ಬೆಂಗಳೂರಿನ ತಾರಸಿಗಳಲ್ಲಿ ಈಗ ಎಲ್ಲೆಲ್ಲೂ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಒಳ್ಳೆಯದೇ, ಹಗುರ. ಆದರೆ ಅದರ ಮೇಲ್ಪದರ ಅರ್ಧ ದಿನಕ್ಕೆ ಒಣಗಿ ತಿಳಿ ಕಂದು ಆಗುತ್ತದೆ, ಕೆಳಗೆ ಹಿಂಡಿದರೆ ನೀರು ಬರುತ್ತದೆ. ಕಣ್ಣನ್ನು ನಂಬಬೇಡಿ, ಬೆರಳು ಹಾಕಿ. ಎರಡು ಇಂಚು ಒಳಗೆ. ಹೊರಗೆ ತೆಗೆದಾಗ ಒದ್ದೆ ಮಣ್ಣು ಅಂಟಿದ್ದರೆ ಇವತ್ತು ನೀರು ಬೇಡ. ಕುಂಡದ ತಳಕ್ಕೆ ಜಲ್ಲಿ ಹಾಕಿದ್ದೇನಲ್ಲ ಅಂತ ಕೆಲವರು ವಾದ ಮಾಡುತ್ತಾರೆ. ಜಲ್ಲಿಯಿಂದ ಪ್ರಯೋಜನ ಇಲ್ಲ. ನೀರು ಜಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲ, ಅದರ ಮೇಲಿನ ಮಣ್ಣಲ್ಲೇ ನಿಲ್ಲುತ್ತದೆ. ಬೇರಿಗೆ ಸಿಗುವ ಜಾಗವೂ ಕಡಿಮೆ ಆಗುತ್ತದೆ. ತಳದಲ್ಲಿ ತೂತು ಇರಲಿ, ಅದು ಕಟ್ಟಿಕೊಳ್ಳದಿರಲಿ. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ.

ಸೊಪ್ಪಿನ ಮಡಿಗೆ, ಆಗ ತಾನೇ ಬಿತ್ತಿದ ಬೀಜಕ್ಕೆ, ಕಾದ ತಾರಸಿಯ ಮೇಲಿರುವ ಪುಟ್ಟ ಕುಂಡಕ್ಕೆ ಬೇಸಿಗೆಯಲ್ಲಿ ದಿನಾ ನೀರು ಬೇಕಾಗಬಹುದು, ಕೆಲವಕ್ಕೆ ಎರಡು ಹೊತ್ತೂ. ಅದಕ್ಕೇ ನಾನು ಲೆಕ್ಕ ಕೊಡುವುದಿಲ್ಲ. ನಿಮ್ಮ ಮನೆಯ ಬಿಸಿಲು ನನಗೆ ಗೊತ್ತಿಲ್ಲ, ನಿಮ್ಮ ಬೆರಳಿಗೆ ಗೊತ್ತು.

ತರಗತಿಗೆ ಮುಂಚೆ ಎಲ್ಲರನ್ನೂ ತೋಟದಲ್ಲಿ ಒಂದು ಸುತ್ತು ಕರೆದುಕೊಂಡು ಹೋಗುತ್ತೇನೆ. ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ, ಇವತ್ತು 240 ಎಕರೆ. 1889ರ ಗಾಜಿನ ಮನೆ ಮುಂದೆ ಎಲ್ಲರಿಗೂ ಫೋಟೋ ಬೇಕು, ಆಗಲಿ. ಸೀಮೆ ಬದನೆಕಾಯಿಯನ್ನು ಇಲ್ಲಿಗೆ ತಂದು ಬೆಳೆಸಿದವರು ಆಗ ಈ ತೋಟದ ಮುಖ್ಯಸ್ಥರಾಗಿದ್ದ ಜಾನ್ ಕ್ಯಾಮೆರಾನ್ ಅಂದಾಗ ಹೆಂಗಸರ ಮುಖ ಅರಳುತ್ತದೆ. ದಿನಾ ಸಾಂಬಾರಿಗೆ ಹಾಕುವ ತರಕಾರಿ ಅಲ್ವಾ! ತೆಲುಗಿನವರು ಇವತ್ತಿಗೂ ಅದನ್ನು ಬೆಂಗಳೂರು ವಂಕಾಯ ಅಂತಲೇ ಕರೆಯುತ್ತಾರೆ.

ಹಳೆಯ ಬಿಳಿ ಬೂರುಗದ ಮರದ ಹತ್ತಿರ ಬಂದಾಗ ನಾನು ನಿಲ್ಲಿಸುತ್ತೇನೆ. ಗೋಡೆಯ ಹಾಗೆ ಎದ್ದ ಅದರ ಬೇರುಗಳನ್ನು ತೋರಿಸಿ, ಇದಕ್ಕೆ ದಿನಾ ಎಷ್ಟು ಚೊಂಬು ಅಂತ ಕೇಳುತ್ತೇನೆ. ಎಲ್ಲರೂ ಸುಮ್ನೆ ನಿಲ್ಲುತ್ತಾರೆ. ಆಮೇಲೆ ಪಕ್ಕದ ಮರದ ಕೆಳಗೆ ಉದುರಿದ ಎಲೆಗಳನ್ನು ಸರಿಸಿ ಕೈ ಇಡಲು ಹೇಳುತ್ತೇನೆ. ಮೇಲೆ ಗರಿಗರಿ ಎಲೆ, ಕೆಳಗೆ ತಣ್ಣನೆಯ, ಉದುರು ಉದುರಾದ ಮಣ್ಣು. ತೇವ ಇದೆ, ಕೆಸರಿಲ್ಲ. ಕುಂಡದಲ್ಲಿ ನಿಮಗೆ ಬೇಕಾದ್ದು ಇದೇ ಮಣ್ಣು ಅನ್ನುತ್ತೇನೆ. ಹತ್ತು ಸ್ಲೈಡ್ ತೋರಿಸಿದರೂ ತಿಳಿಯದ್ದು ಅಂಗೈಗೆ ತಿಳಿಯುತ್ತದೆ.

ಬೋಗನ್‌ವಿಲ್ಲಾ ಹೂ ಬಿಡ್ತಿಲ್ಲ ಅಂತ ದೂರುವವರಿಗೂ ಬಿಸಿಲಿನ ಜೊತೆ ಇದೇ ಔಷಧಿ ಹೇಳುತ್ತೇನೆ. ಮಣ್ಣು ಸ್ವಲ್ಪ ಒಣಗಲು ಬಿಡಿ. ನೀರು, ಗೊಬ್ಬರ ಜಾಸ್ತಿ ಆದರೆ ಅದು ಬರೀ ಎಲೆ ಬಿಡುತ್ತದೆ.

ಆ ಕರಿಬೇವಿನ ವಿಷಯಕ್ಕೆ ಬರುತ್ತೇನೆ. ಕೊಳೆತ ಬೇರನ್ನೆಲ್ಲ ಕತ್ತರಿಸಿದೆವು. ಗಟ್ಟಿಯಾಗಿ, ಬೆಳ್ಳಗೆ ಉಳಿದದ್ದು ಒಂದು ಹಿಡಿ. ಕೆಂಪು ಮಣ್ಣಿಗೆ ದಪ್ಪ ಮರಳು, ಸ್ವಲ್ಪ ಎರೆಗೊಬ್ಬರ ಬೆರೆಸಿ, ಮೊದಲಿಗಿಂತ ಚಿಕ್ಕದಾದ ಮಣ್ಣಿನ ಕುಂಡಕ್ಕೆ ಹಾಕಿದೆವು. ಚಿಕ್ಕದೇ ಯಾಕೆ ಅಂದರೆ ಬೇರಿಲ್ಲದ ಮಣ್ಣು ಬೇಗ ಆರುವುದಿಲ್ಲ. ನೆರಳಲ್ಲಿಡಿ ಅಂದೆ. ಉಳಿಯುತ್ತದೆ ಅಂತ ಮಾತು ಕೊಡಲಿಲ್ಲ, ಇಂಥದ್ದರಲ್ಲಿ ಯಾರೂ ಕೊಡಬಾರದು.

ಮರುದಿನದಿಂದ ಬೆಳಿಗ್ಗೆ ಫೋನಿಗೆ ಒಂದು ಫೋಟೋ ಬರತೊಡಗಿತು. ಗಿಡದ್ದಲ್ಲ, ಅವರ ತೋರುಬೆರಳಿನದು. ಎಲೆಗಳೆಲ್ಲ ಉದುರಿ ಕಡ್ಡಿ ಮಾತ್ರ ನಿಂತಾಗಲೂ ಅವರು ಬೆರಳು ಹಾಕುವುದನ್ನು ಬಿಡಲಿಲ್ಲ. ಏಳನೇ ವಾರ ಬುಡದಲ್ಲಿ ಅಕ್ಕಿಕಾಳಿನಷ್ಟು ಚಿಗುರು ಕಂಡಿತು. ಅವತ್ತು ಫೋನೇ ಮಾಡಿದರು.

"ಚಿಗುರು ಬಂದಿದೆ ಮೇಡಂ. ಖುಷಿಗೆ ಇವತ್ತು ಒಂದು ಚೊಂಬು ಹಾಕ್ಲಾ?"

"ಬೆರಳಿಗೆ ಮಣ್ಣು ಅಂಟ್ತಾ?"

"ಅಂಟಿದೆ."

"ಹಾಗಾದ್ರೆ ನಾಳೆ ನೋಡಿ ಸರ್."