ಕಲ್ಲಿದ್ದಲು–ನೀರಿನ ಸ್ಲರಿ: ಶುಚಿ ಬರುವುದು ಎಲ್ಲಿಂದ?

ಕಲ್ಲಿದ್ದಲ ಪುಡಿಗೆ ನೀರು ಬೆರೆಸಿ ಸ್ಲರಿ, ಅಂದರೆ ಹರಿಯುವ ಇಂಧನ, ಮಾಡಿದ ಮಾತ್ರಕ್ಕೆ ಅದು ಶುಚಿಯಾಗಿ ಉರಿಯುತ್ತದೆ ಎಂಬ ಭಾವನೆ ನಮ್ಮಲ್ಲಿ ಹಲವರಿಗಿದೆ. ನೀರಿನಿಂದ ಜ್ವಾಲೆಯ ಉಷ್ಣತೆ ಇಳಿದು ನೈಟ್ರೋಜನ್ ಆಕ್ಸೈಡ್‌ಗಳು ಕಡಿಮೆಯಾಗುವುದು ನಿಜ. ಆದರೆ ಬೂದಿಯ ಲೆಕ್ಕ ಕಲ್ಲಿದ್ದಲನ್ನು ತೊಳೆಯುವ ಹಂತದಲ್ಲೇ ಮುಗಿದಿರಬೇಕು.

ಭಾರತದ ಹೆಚ್ಚಿನ ಕಲ್ಲಿದ್ದಲಿನಲ್ಲಿ ಗಂಧಕ ಶೇ. 1ಕ್ಕಿಂತ ಕಡಿಮೆ, ಕೆಳದರ್ಜೆಯದರಲ್ಲಿ ಬೂದಿ ಮಾತ್ರ ಶೇ. 35ರಿಂದ 45ರವರೆಗೆ ಇರುತ್ತದೆ. ಇದು ಅಕ್ಕಿಯೊಳಗಿನ ಕಲ್ಲಿನಂತೆ ಆರಿಸಿ ತೆಗೆಯುವಂಥದ್ದಲ್ಲ, ಕಲ್ಲಿದ್ದಲು ರೂಪುಗೊಳ್ಳುವಾಗಲೇ ಅದರೊಳಗೆ ನುಣ್ಣಗೆ ಬೆರೆತುಹೋದ ಜೇಡಿ ಮತ್ತು ಸ್ಫಟಿಕ. ಆದ್ದರಿಂದ ದಪ್ಪ ತುಂಡುಗಳನ್ನು ತೊಳೆದರೆ ಬಿಡಿ ಕಲ್ಲಷ್ಟೇ ಹೋಗುತ್ತದೆ. ನುಣ್ಣಗೆ ಅರೆದು, ತುಸು ಡೀಸೆಲ್ ಸೇರಿಸಿ ನೀರಿನಲ್ಲಿ ಗಾಳಿಯೂದಿದಾಗ, ನೀರಿಗೆ ಒಗ್ಗದ ಕಲ್ಲಿದ್ದಲ ಕಣಗಳು ಗುಳ್ಳೆಗಳಿಗೆ ಅಂಟಿ ನೊರೆಯೊಡನೆ ಮೇಲೇರುತ್ತವೆ, ನೀರಿನಲ್ಲಿ ನೆನೆಯುವ ಖನಿಜ ಕೆಳಗೇ ಉಳಿಯುತ್ತದೆ.

ಸ್ಲರಿಯಲ್ಲಿ ಸಾಮಾನ್ಯವಾಗಿ ಶೇ. 60ರಿಂದ 70 ಕಲ್ಲಿದ್ದಲು, ಶೇ. 1ರ ಆಸುಪಾಸಿನಲ್ಲಿ ಕಣಗಳನ್ನು ಬಿಡಿಸುವಂಥ ರಾಸಾಯನಿಕ, ಉಳಿದದ್ದು ನೀರು. ಬಹುಪಾಲು ಕಣಗಳು 75 ಮೈಕ್ರಾನ್‌ಗಿಂತ ಸಣ್ಣವಿರಬೇಕು, ಆದರೆ ಎಲ್ಲವೂ ಒಂದೇ ಗಾತ್ರವಾಗಬಾರದು. ಸೈಜುಗಲ್ಲಿನ ಗೋಡೆಯ ಸಂದಿಗೆ ಚಕ್ಕೆ ತುರುಕಿದಂತೆ, ದೊಡ್ಡ ಕಣಗಳ ನಡುವೆ ಸಣ್ಣವು ಕೂತರೆ ಮಾತ್ರ ಕಡಿಮೆ ನೀರಿನಲ್ಲಿ ಹರಿವು ಸಿಗುತ್ತದೆ.

ಮಾಲೂರಿನ ಕಡೆಯ ಇಟ್ಟಿಗೆ ಗೂಡೊಂದರಿಂದ ತಂದ ಪುಡಿಯನ್ನು 200 ಮೆಶ್ (ಸುಮಾರು 75 ಮೈಕ್ರಾನ್ ತೂತಿನ) ಜರಡಿಯಲ್ಲಿ ಹಿಡಿದು, 60 ಗ್ರಾಂಗೆ 40 ಗ್ರಾಂ ನೀರು ಹಾಕಿದಾಗ ನಮಗೆ ಸಿಕ್ಕಿದ್ದು ರಾಗಿಮುದ್ದೆಯ ಹದ. ಕಣಗಳನ್ನು ಬಿಡಿಸುವ ರಾಸಾಯನಿಕವಾದ ಲಿಗ್ನೋಸಲ್ಫೊನೇಟ್ ಒಂದು ಚಿಟಿಕೆ ಬೆರೆಸಿ ತಿರುವಿದೊಡನೆ ಅದೇ ಮುದ್ದೆ ಅಂಬಲಿಯಂತೆ ಹರಿಯತೊಡಗಿತು, ಏಕೆಂದರೆ ಕಣಗಳ ಮೇಲೆ ಕೂರುವ ಋಣ ವಿದ್ಯುದಂಶ ಅವನ್ನು ಪರಸ್ಪರ ದೂರ ತಳ್ಳುತ್ತದೆ. ಖುಷಿಯಲ್ಲಿ ಜಾಡಿಯನ್ನು ಹಾಗೆಯೇ ಬಿಟ್ಟೆವು. ಮರುದಿನ ಮೇಲೆ ತಿಳಿನೀರು. ಒಳಗಿಳಿಸಿದ ಗಾಜಿನ ಕಡ್ಡಿ ಅರ್ಧದಲ್ಲೇ ಟಕ್ಕೆಂದು ನಿಂತಿತು. ಕಣಗಳನ್ನು ಬಿಡಿಸುವ ರಾಸಾಯನಿಕ ಅವನ್ನು ತೇಲಿಸಿಡುವುದಿಲ್ಲ; ಅದಕ್ಕೆ ಜ್ಯಾಂಥನ್ ಗಮ್‌ನಂಥ ಅಂಟು ಅತ್ಯಲ್ಪ ಪ್ರಮಾಣದಲ್ಲಿ ಬೇರೆಯೇ ಬೇಕು. ಲಿಗ್ನೈಟಿನ (ಕಂದು ಕಲ್ಲಿದ್ದಲಿನ) ಕಷ್ಟ ಇನ್ನೊಂದು ಬಗೆಯದು: ಅದರ ರಂಧ್ರಗಳೇ ನೀರು ಹೀರಿಕೊಳ್ಳುವುದರಿಂದ ಹರಿವಿಗೆ ಹೆಚ್ಚು ನೀರು ಬೇಕಾಗಿ, ಸ್ಲರಿಯಲ್ಲಿ ಕಲ್ಲಿದ್ದಲ ಪಾಲು ಕಡಿಮೆಯೇ ಉಳಿಯುತ್ತದೆ.

ಇನ್ನು ನೀರಿನ ದಂಡ. ಶೇ. 65 ಕಲ್ಲಿದ್ದಲಿರುವ 1 ಕಿಲೋ ಸ್ಲರಿಯಲ್ಲಿ 0.35 ಕಿಲೋ ನೀರನ್ನು ಆವಿಯಾಗಿಸಲು ಸುಮಾರು 0.85 ಮೆಗಾಜೂಲ್ ಬೇಕು. ತೊಳೆದ ಕಲ್ಲಿದ್ದಲು ಕಿಲೋಗೆ 25 ಮೆಗಾಜೂಲ್ ಕೊಟ್ಟರೆ ಈ ನಷ್ಟ ಸ್ಲರಿಯ ಒಟ್ಟು ಶಾಖದ ಶೇ. 5ರಷ್ಟು; ತೊಳೆಯದೆ 15 ಮೆಗಾಜೂಲಿನದನ್ನೇ ಅರೆದು ಸುರಿದರೆ ಶೇ. 9ರ ಹತ್ತಿರ, ಬೂದಿಯಂತೂ ಇದ್ದಷ್ಟೂ ಬಾಯ್ಲರಿನೊಳಗೇ.